ಸರದಿಗಿಟ್ಟ ಚಿಪ್ಪು

ಎಪ್ಪತ್ತರ ದಶಕದ ಕೊನೆಯಲ್ಲಿ, ತಿಪಟೂರಿನ ನಮ್ಮ ಬೀದಿಗೆ ನೀರು ಬಿಡುತ್ತಿದ್ದ ಪುರಸಭೆಯ ನೀರುಗಂಟಿ ನನ್ನ ಪಾಲಿಗೆ ರೇಡಿಯೋದಲ್ಲಿ ವಾರ್ತೆ ಓದುವವರಿಗಿಂತ ದೊಡ್ಡ ಮನುಷ್ಯ. ಅವರು ಎಲ್ಲೋ ಕೂತು ಯಾರದೋ ಸುದ್ದಿ ಹೇಳುತ್ತಿದ್ದರು. ಈತ ಸೈಕಲ್ಲಿನಲ್ಲಿ ಬಂದು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯಿಂದ ಲೈಟುಕಂಬಕ್ಕೆ ಟಣ್ ಟಣ್ ಎಂದು ಬಡಿದರೆ ನೀರು ಬಂತೆಂದು ಅರ್ಥ. ಬರೀ ಬೆಲ್ಲು ಮಾಡುತ್ತಾ ಬಂದರೆ ನೀರಿಲ್ಲ. ಆಗ ಪೈಪು ಎಲ್ಲಿ ಒಡೆದಿದೆ, ಮೋಟಾರಿಗೆ ಏನಾಗಿದೆ, ಇನ್ನು ಯಾವಾಗ ನೀರು ಎಂದು ಮನೆಮನೆಯ ಮುಂದೆ ನಿಂತು ಹೇಳಿಯೇ ಮುಂದಕ್ಕೆ ಹೋಗುತ್ತಿದ್ದ. ಕಾಯಿಲೆ ಮಲಗಿದ ನೆಂಟರ ಸಮಾಚಾರ ಕೇಳುವಂತೆ ಹೆಂಗಸರು ಮೋಟಾರಿನ ಸಮಾಚಾರ ಕೇಳುತ್ತಿದ್ದರು.

ಬೀದಿಗೆ ಮೊದಲು ಇದ್ದದ್ದು ಒಂದೇ ನಲ್ಲಿ, ಬೀದಿ ಶುರುವಾಗುವ ಕಡೆ, ಒಬ್ಬ ಅಜ್ಜಿಯ ಮನೆ ಎದುರಿಗೆ. ಎದುರಿಗಿದ್ದ ಮಾತ್ರಕ್ಕೆ ಅದು ಅಜ್ಜಿಯದಾಗಬೇಕಾಗಿರಲಿಲ್ಲ, ಆದರೆ ಆಗಿಹೋಗಿತ್ತು. ತೊಳೆಯದ ಬಿಂದಿಗೆ ತಂದವರನ್ನು ಅವರು ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದರು. ಸರದಿಗೆ ಬಿಂದಿಗೆ ಇಟ್ಟು ಹೋದರೆ ಯಾರಾದರೂ ಎತ್ತಿಕೊಂಡು ಹೋದಾರು ಎಂದು ನಾವು ತೆಂಗಿನ ಚಿಪ್ಪು ಇಡುತ್ತಿದ್ದೆವು. ನಮ್ಮೂರಲ್ಲಿ ಅದಕ್ಕೇನು ಬರವೇ? ಬೆಳಗ್ಗೆ ಎದ್ದವರು ಸಾಲಿನಲ್ಲಿ ತಮ್ಮ ಚಿಪ್ಪು ಕವುಚಿ ಹಾಕಿ ಮನೆಕೆಲಸಕ್ಕೆ ಹೋಗುವುದು, ಕಂಬದ ಸದ್ದು ಕೇಳಿದ ಕೂಡಲೇ ಬಿಂದಿಗೆ ಹಿಡಿದು ಓಡಿಬಂದು ಚಿಪ್ಪಿನ ಜಾಗದಲ್ಲಿ ನಿಲ್ಲುವುದು. ಈ ಕಾನೂನು ಮಾಡಿದವರೂ ಅಜ್ಜಿಯೇ.

ನನ್ನ ಅಮ್ಮನಿಗೆ ಒಂದು ಅಭ್ಯಾಸವಿತ್ತು. ದಾರಿಯಲ್ಲಿ ಒಣಗಿದ ಗರಿ, ಮಟ್ಟೆ, ಚಿಪ್ಪು ಏನು ಕಂಡರೂ ಎತ್ತಿ ತಂದು ಬಚ್ಚಲೊಲೆಗೆ ಹಾಕದಿದ್ದರೆ ಸಮಾಧಾನವಿರುತ್ತಿರಲಿಲ್ಲ. ಒಂದು ಬೆಳಗ್ಗೆ ನಾಯಿಯೋ ಗಾಳಿಯೋ ಸಾಲಿನಿಂದ ಉರುಳಿಸಿದ್ದ ಚಿಪ್ಪೊಂದನ್ನು ಹಾಗೆಯೇ ಎತ್ತಿಕೊಂಡು ಬಂದು ಉರಿಸಿಬಿಟ್ಟಳು. ಅದು ಅಜ್ಜಿಯ ಚಿಪ್ಪು. ಚಿಪ್ಪಿಲ್ಲದವರು ಕೊನೆಗೆ ನಿಲ್ಲಬೇಕೆಂಬ ತಮ್ಮದೇ ಕಾನೂನಿಗೆ ತಲೆಬಾಗಿ ಅಜ್ಜಿ ಕೊನೆಗೆ ನಿಂತರು, ಅವರ ಸರದಿ ಬರುವ ಮೊದಲೇ ನೀರೂ ನಿಂತಿತು. ಅಮ್ಮನ ಮೇಲೆ ಅನುಮಾನ ಬಂತು. ಊರಿನ ಚಿಪ್ಪೆಲ್ಲ ಅವರದೇ ಏನು ಎಂದು ಅಮ್ಮ ಜೋರು ಮಾಡಿದಳೇ ಹೊರತು ಒಪ್ಪಿಕೊಳ್ಳಲಿಲ್ಲ. ಅಲ್ಲಿಗೆ ಇಬ್ಬರಿಗೂ ಮಾತು ಬಿಟ್ಟುಹೋಯಿತು. ಆಮೇಲೆ ಬೀದಿಯ ಕೊನೆಯ ಏರಿನಲ್ಲಿ, ನಮ್ಮ ಮನೆ ಹತ್ತಿರ, ಪುರಸಭೆಯವರು ಇನ್ನೊಂದು ನಲ್ಲಿ ಹಾಕಿದ ಮೇಲಂತೂ ಅಮ್ಮ ಇನ್ನು ಅಜ್ಜಿಯ ನಲ್ಲಿಯ ಕಟ್ಟೆ ತುಳಿಯುವುದಿಲ್ಲ ಎಂದು ಹಟ ಹಿಡಿದಳು. ಈ ವಿಷಯದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಗಟ್ಟಿ.

ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಕೆಲಸ ಶುರುವಾಗುವುದೇ ಗಂಗೆ ಪೂಜೆಯಿಂದ. ಹೆಣ್ಣಿನ ತಾಯಿ ಓಲಗದ ಜೊತೆ ನೀರಿರುವಲ್ಲಿಗೆ ಹೋಗಿ, ಪೂಜೆ ಮಾಡಿ, ತನ್ನ ಕೈಯಾರೆ ಕಲಶ ತುಂಬಿ ಮನೆಗೆ ತರಬೇಕು. ತುಂಬಿಟ್ಟ ನೀರು, ಯಾರೋ ಕೊಟ್ಟ ನೀರು ಆಗುವುದಿಲ್ಲ. ಮೊದಲೆಲ್ಲ ಬೀದಿಯ ಬಾವಿಗೆ ಹೋಗುತ್ತಿದ್ದರು, ಆ ಬೇಸಿಗೆ ಅದರ ತಳ ಕಾಣುತ್ತಿತ್ತು. ನಲ್ಲಿಯಲ್ಲಿ ಬರುವುದೂ ಗಂಗೆಯೇ ಅಲ್ಲವೇ ಎಂದು ಅಮ್ಮ ಏರಿನ ನಲ್ಲಿಯನ್ನೇ ಗೊತ್ತು ಮಾಡಿದಳು. ಮುಹೂರ್ತ ತಿಳಿಸಿದಾಗ ನೀರುಗಂಟಿ ಆ ಹೊತ್ತಿಗೇ ವಾಲ್ವ್ ತಿರುಗಿಸುವುದಾಗಿ ಹೇಳಿದ.

ಅವನು ಮಾತಿಗೆ ತಪ್ಪಲಿಲ್ಲ. ನಲ್ಲಿಯ ಕಂಬಕ್ಕೆ ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿದೆವು. ಓಲಗದವರು ಕೆನ್ನೆ ಉಬ್ಬಿಸಿ ಊದಿದರು. ಲೈಟುಕಂಬ ಟಣ್ ಟಣ್ ಎಂದಿತು. ಅಮ್ಮ ನಲ್ಲಿ ತಿರುಗಿಸಿದಳು. ಬುಸ್ ಎಂದು ಗಾಳಿ ಬಂತು, ನೀರು ಬರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಬೀದಿಯ ಹೆಂಗಸರೆಲ್ಲ ಅಭ್ಯಾಸಬಲದಿಂದ ಅಜ್ಜಿಯ ಮನೆ ಎದುರಿನ ನಲ್ಲಿಗೆ ಓಡಿದ್ದರು. ಅದು ಹರಿಯುವಷ್ಟು ಹೊತ್ತು ನೀರು ಏರು ಹತ್ತುವುದಿಲ್ಲ. ಅಲ್ಲಿಗೇ ಹೋಗೋಣ ಎಂದರೆ ಅಮ್ಮ ತುಟಿ ಬಿಗಿದು ನಿಂತಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ಕೋಪವೂ ಬಂತು, ಅಳುವೂ ಬಂತು. ಮುಹೂರ್ತ ಮೀರಿದರೆ ಅಕ್ಕನಿಗೆ ಅಪಶಕುನವಾದೀತೆಂದು ಅವಳು ಹೆದರಿದ್ದಳು, ಹಟವನ್ನೂ ಬಿಡಲಾರಳು. ಆ ನಲ್ಲಿ ನಿಲ್ಲಿಸಲು ಹೇಳಪ್ಪ ಎಂದು ಅಪ್ಪ ನೀರುಗಂಟಿಯನ್ನು ಕೇಳಿಕೊಂಡರು.

"ನಿಲ್ಸಿ ಅನ್ನಾಕೆ ನಾನ್ಯಾರು ಸ್ವಾಮಿ? ನೀರು ಬುಡದು, ಸುದ್ದಿ ಹೇಳದು, ಅಷ್ಟೇ ನನ್ ಕೆಲ್ಸ. ಸುದ್ದಿ ಹೇಳ್ ಬತ್ತೀನಿ," ಎಂದು ಅವನು ಸೈಕಲ್ ಹತ್ತಿದ.

ಅಜ್ಜಿಯ ನಲ್ಲಿಯ ಬಳಿ ಅವನು ಎಂದಿನಂತೆ ಒಂದು ಕಾಲು ಊರಿ ನಿಂತಿದ್ದು ಏರಿನಿಂದ ನಮಗೆ ಕಾಣುತ್ತಿತ್ತು. ಅಜ್ಜಿಯ ಬಿಂದಿಗೆ ಅರ್ಧ ತುಂಬಿತ್ತಂತೆ. ಸುದ್ದಿ ಕೇಳಿದವರೇ ಅವರು ನಲ್ಲಿ ತಿರುಗಿಸಿ ನಿಲ್ಲಿಸಿ, ಬೇರೆ ಯಾರೂ ಮುಟ್ಟದಂತೆ ಅದರ ಮೇಲೆ ಕೈಯಿಟ್ಟು ಕಟ್ಟೆಯ ಮೇಲೆ ಕೂತುಬಿಟ್ಟರು.

ನಮ್ಮ ನಲ್ಲಿ ಕೆಮ್ಮಿತು, ಕೆಂಪು ನೀರು ಉಗುಳಿತು. ಆಮೇಲೆ ಬಂದ ರಭಸಕ್ಕೆ ಕಲಶ ತುಂಬಿ, ಅಮ್ಮನ ಹೊಸ ಸೀರೆ ನೆಂದು, ಓಲಗದವರ ಮೈಮೇಲೂ ಸಿಡಿಯಿತು. ಡೋಲಿನವನು ಡೋಲು ಎತ್ತಿಕೊಂಡು ಹಿಂದಕ್ಕೆ ಹಾರಿದ. ನಗದೇ ಇದ್ದವರು ಒಬ್ಬರೂ ಇಲ್ಲ. ಅಂಥ ಸಂತೋಷ ನನಗೆ ಧಾರೆಯ ದಿನವೂ ಆಗಲಿಲ್ಲ.

ಕಲಶ ಹಿಡಿದವರು ನೇರ ಮನೆಗೆ ಹೋಗಬೇಕು. ಅಮ್ಮ ಮಾತ್ರ ಮನೆ ದಾಟಿ ಏರು ಇಳಿದು ಹೊರಟಳು. ಓಲಗದವರು ಮುಖ ಮುಖ ನೋಡಿಕೊಂಡು, ಊದುತ್ತಲೇ ಹಿಂಬಾಲಿಸಿದರು. ಅಮ್ಮ ಹೋಗಿ ನಿಂತದ್ದು ಅಜ್ಜಿಯ ನಲ್ಲಿಯ ಕಟ್ಟೆಯ ಮೇಲೆ.

"ಗಂಗೆ ಹಿಡ್ಕಂಡು ಇಲ್ಲಿಗ್ಯಾಕ್ ಬಂದ್ಯೇ? ಮನಿಗ್ ನಡಿ," ಎಂದರು ಅಜ್ಜಿ, ಕೈ ಇನ್ನೂ ನಲ್ಲಿಯ ಮೇಲೆಯೇ.

"ದೊಡ್ಡವ್ವ, ಆ ಚಿಪ್ಪು ಒಲೆಗಾಕಿದ್ದು ನಾನೇ," ಎಂದಳು ಅಮ್ಮ.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀರು ಚೆನ್ನಾಗ್ ಕಾಯ್ತೇನೇ?" ಎಂದರು.

ಅಮ್ಮ ನಕ್ಕ ರಭಸಕ್ಕೆ ಕಲಶದ ಕಾಯಿ ಉರುಳಿ, ನೀರೆಲ್ಲ ಅಜ್ಜಿಯ ಕಾಲ ಮೇಲೆ ಚೆಲ್ಲಿತು. ಅಜ್ಜಿ ಬೈಯಲಿಲ್ಲ. ಅರ್ಧಕ್ಕೆ ನಿಂತಿದ್ದ ತಮ್ಮ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಕಲಶಕ್ಕೆ ಜಾಗ ಮಾಡಿ, ನಲ್ಲಿಯಿಂದ ಕೈ ತೆಗೆದರು.