ದಾರಿ ಕೇಳಿದ್ದಕ್ಕೆ ಒಂದು ಜೋಗುಳ

ತೊರಗಲ್ಲಿಗೆ ಹೊರಟ ನಮ್ಮ ಚಕ್ಕಡಿ ದಾರಿ ತಪ್ಪಿ, ಹೊಲದ ಬದುವಿನಲ್ಲಿ ಏಕತಾರಿ ನುಡಿಸುತ್ತ ಕುಳಿತ ತರುಣನ ಎದುರು ನಿಂತಿತು. ದಾರಿ ಕೇಳಿದೆ.

"ತೋರಸತೇನ್ರಿ ಅಕ್ಕಾರ. ಬದಲಿಗೆ ನಿಮ್ಮವ್ವ ನಿಮ್ಮನ್ನ ತೂಗಿದ ಜೋಗುಳ ಹಾಡಬೇಕು."

ಚಿಕ್ಕಂದಿನಲ್ಲಿ ಪ್ಲೇಗಿನ ಗದ್ದಲದಲ್ಲಿ ಹೆತ್ತವರಿಂದ ತಪ್ಪಿಹೋದವನಂತೆ ಅವನು. ಊರ ಹೆಸರು ನೆನಪಿಲ್ಲ, ಅವ್ವನ ಜೋಗುಳದ ಧಾಟಿ ಮಾತ್ರ ನೆನಪಿದೆ.

"ಊರಿಗೊಂದು ಧಾಟಿ ಇರತೈತ್ರಿ. ಧಾಟಿ ಸಿಕ್ಕರ ಊರು, ಊರು ಸಿಕ್ಕರ ಅವ್ವ-ಅಪ್ಪ."

ಕವಲುದಾರಿಯ ತನಕ ಬಂದು ದಾರಿ ತೋರಿಸಿದ. ಇನ್ನು ಸಾಲ ನನ್ನದು. ಮುಂಬಯಿಯಿಂದ ರಂಗೂನಿನವರೆಗೆ ತಿರುಗಿದ್ದೇನೆ. ಎಲ್ಲಿಯೂ ಯಾರೂ ನನಗೆ ಹಾಡು ಎಂದಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ನನ್ನ ಅಪಸ್ವರದಲ್ಲಿ ಇವನ ಅವ್ವ ಕಳೆದುಹೋದರೆ ಎಂದು ಹೆದರುತ್ತಲೇ ಹಾಡಿದೆ. ಎತ್ತುಗಳು ಕಿವಿ ನಿಮಿರಿಸಿದವು.

"ನಿಮ್ಮವ್ವ ಸುರದಾಗನ ಹಾಡ್ಯಾರ್ರಿ. ತಪ್ಪಿದ್ದು ನೀವು," ಎಂದು ಅದನ್ನೇ ತಿದ್ದಿ ಹಾಡಿದ. ಥೇಟು ನನ್ನ ಅವ್ವ. ನನ್ನ ಕಣ್ಣು ತುಂಬಿದವು. ಅವನು ಧಾಟಿ ತನ್ನ ಅವ್ವನದಲ್ಲವೆಂದು ತಲೆಯಾಡಿಸಿದ.

"ಯಾವೂರ್ರಿ ಅವರದು?"

"ಹೂಲಿ."

"ಹಂಗಾರ ಹೂಲಿ ನಮ್ಮೂರಲ್ಲ, ಬಿಡಬೇಕು," ಎಂದವನೇ ಕಟಕೋಳದ ಕಡೆ ನಡೆದ.

ನನ್ನ ಸಾಲ ತೀರಿತು.

"ಅಕ್ಕಾರ, ಇನ್ನೊಮ್ಮೆ ತಪ್ಪಿದರ ದಾರಿ ನಾನ ಕೇಳತೇನಿ," ಎಂದ ಗಾಡಿಯವ, ಎತ್ತುಗಳ ಪರವಾಗಿ.