ನಮ್ಮ ಜೀಪಿನ ಸದ್ದು ಇಳಿಸಿದ ಮೇಸ್ತ್ರಿ

ಮೇಸ್ತ್ರಿಗಳ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ ಅಡಿಕೆ ಗಾತ್ರದ ಒಂದು ಗಂಟಿತ್ತು. ವರ್ಷಗಟ್ಟಲೆ ಗಾಡಿಗಳ ತಗಡು ತಟ್ಟಿ ತಟ್ಟಿ ಆದದ್ದು. ಗಾಡಿ ಬಂದು ನಿಂತ ಕೂಡಲೇ, ಮಾಲೀಕರಿಗೆ ನಮಸ್ಕಾರ ಹೇಳುವುದಕ್ಕೂ ಮೊದಲು, ಆ ಗೆಣ್ಣಿನಿಂದ ಬಾಗಿಲು, ಟಾಪು, ಬಾನೆಟ್ಟು ಎಲ್ಲವನ್ನೂ ತಟ್ಟಿಕೊಂಡು ಒಂದು ಸುತ್ತು ಬರುತ್ತಿದ್ದರು. ತಟ್ಟಿದ ಜಾಗದ ಮೇಲೆ ಎಡ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು ಕಣ್ಣು ಮುಚ್ಚುತ್ತಿದ್ದರು. ದೂರದಿಂದ ನೋಡಿದವರಿಗೆ ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದಂತೆ ಕಾಣುತ್ತಿತ್ತು. ಅವರಿಗೆ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿ ಅರೆಬರೆ.

ಭದ್ರಾವತಿಯ ಜನ್ನಾಪುರದ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ಅವರ ಕೆಲಸ. ಜೀಪು, ಕಾರುಗಳಿಗೆ ಸೀಟು ಹೊಲಿಯುವುದು, ಟೇಪ್‌ರೆಕಾರ್ಡರ್ ಕೂರಿಸುವುದು, ಒಳಗೆ ಸದ್ದು ಬರದಂತೆ ಹಾಳೆ ಅಂಟಿಸುವುದು. ಅದಕ್ಕೂ ಮೊದಲು ಯಾವುದೋ ಸಣ್ಣ ಫೌಂಡ್ರಿಯಲ್ಲಿ ಹದಿನೈದು ವರ್ಷ ಸುತ್ತಿಗೆ ಹೊಡೆದಿದ್ದರು. ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಮನೆಮಾತು ತಮಿಳು. ಹೆಂಡತಿ ಅದೇ ಶೆಡ್ಡಿನ ಮೂಲೆಯಲ್ಲಿ ದೊಡ್ಡ ಹೊಲಿಗೆ ಮಿಷನ್ನಿನ ಮುಂದೆ ಕೂತು ರೆಕ್ಸಿನ್ ಹೊಲಿಯುತ್ತಿದ್ದರು. "ನಾನು ಎಷ್ಟು ಬೈದ್ರೂ ನಗ್ತಾರೆ. ಕಿವಿ ಹೋಗಿದ್ದರಿಂದ ಸಂಸಾರ ಉಳೀತು ನೋಡಿ" ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೇಸ್ತ್ರಿಗಳು ಆಕೆಯ ತುಟಿ ನೋಡಿ ನಗುತ್ತಿದ್ದರು.

ನಾನು ಆಗ ಹೊಳೆಹೊನ್ನೂರಿನ ಕಡೆ ಪಶುವೈದ್ಯೆ. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ. ಮಳೆಗಾಲದಲ್ಲಿ ಗದ್ದೆಬಯಲಿನ ಚಾನಲ್ ಏರಿಯ ಮೇಲೆ ಬೇರೆ ಯಾವ ಗಾಡಿಯೂ ಹೋಗುವುದಿಲ್ಲವೆಂದು ಒಂದು ಹಳೆಯ ಡೀಸೆಲ್ ಜೀಪು ಕೊಂಡಿದ್ದೆ. ಕೆಸರಿಗೆ ಇಳಿದರೆ ನಾಲ್ಕು ಚಕ್ರವೂ ಎಳೆಯುವಂಥದ್ದು. ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಕೆಲಸಕ್ಕೂ ಸಂಸಾರಕ್ಕೂ ಅದೊಂದೇ ಗಾಡಿ, ನಾನೊಬ್ಬಳೇ ಡ್ರೈವರ್.

ನಮ್ಮ ಮಗಳಿಗೆ ಆಗ ಐದು ವರ್ಷ. ಮಾತು ತೀರ ಕಡಿಮೆ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸದ್ದು ಅವಳಿಗೆ ಆಗುತ್ತಲೇ ಇರಲಿಲ್ಲ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುತ್ತಿದ್ದಳು. ಜೀಪು ಹತ್ತಿಸಿದರೆ ಎರಡೂ ಕೈಯಿಂದ ಕಿವಿ ಒತ್ತಿಕೊಂಡು ಉಸಿರು ಕಟ್ಟುವಂತೆ ಚೀರುತ್ತಿದ್ದಳು. ಘಟ್ಟದ ಕೆಳಗಿನ ಊರಲ್ಲಿ ಇಂಥ ಮಕ್ಕಳನ್ನು ನೋಡುವ ಒಬ್ಬ ವೈದ್ಯೆ ಇದ್ದಾರೆ ಎಂದು ಯಾರೋ ಹೇಳಿದ್ದರು. ಒಮ್ಮೆ ಬಸ್ಸಿನಲ್ಲಿ, ಒಮ್ಮೆ ಜೀಪಿನಲ್ಲಿ ಹೊರಟು ಎರಡು ಸಲವೂ ತೀರ್ಥಹಳ್ಳಿಯಿಂದಲೇ ವಾಪಸು ಬಂದಿದ್ದೆವು. ಒಂದು ವರ್ಷ ಹೀಗೇ ಕಳೆಯಿತು.

ಜೋರಾಗಿ ಹಾಡು ಹಾಕಿದರೆ ಇಂಜಿನ್ ಸದ್ದು ಮುಚ್ಚಿಹೋಗುತ್ತದೆ ಎಂದು ನೆಂಟರೊಬ್ಬರು ಸಲಹೆ ಕೊಟ್ಟರು. ಒಳ್ಳೆಯ ಟೇಪು, ಸ್ಪೀಕರ್ ಹಾಕಿಸೋಣವೆಂದು ಕೇಳಿದಾಗ ಜೀಪಿನವರೆಲ್ಲ ಹೇಳಿದ್ದು ಒಂದೇ ಹೆಸರು, ಭದ್ರಾವತಿಯ ಮೇಸ್ತ್ರಿ. ಹೋದೆ. ಅವರು ಎಂದಿನಂತೆ ತಟ್ಟಿಕೊಂಡು ಒಂದು ಸುತ್ತು ಬಂದರು. ನಾನು ಅವರ ಎಡಗಿವಿಯ ಹತ್ತಿರ ನಿಂತು ಮಗಳ ವಿಷಯವೆಲ್ಲ ಹೇಳಿದೆ.

"ಗಲಾಟೆ ಮೇಲೆ ಗಲಾಟೆ ಹಾಕಿದ್ರೆ ಎರಡು ಗಲಾಟೆ ಆಗುತ್ತೆ ಡಾಕ್ಟ್ರಮ್ಮ" ಎಂದರು. "ಮೊದ್ಲು ಇರೋದನ್ನ ಇಳಿಸೋಣ. ಹಾಡು ಆಮೇಲೆ."

ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕರು. "ಕಿವಿ ಕೇಳದೋರ ಹತ್ರ ಸದ್ದು ರಿಪೇರಿ ಮಾಡಿಸ್ತೀಯಲ್ಲ ಮಾರಾಯ್ತಿ."

ನಾಲ್ಕು ದಿನ ಜೀಪು ಅವರ ಶೆಡ್ಡಿನಲ್ಲಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಹೊಳೆಹೊನ್ನೂರಿಗೆ ಹೋಗಿ ಸಂಜೆ ಭದ್ರಾವತಿಗೆ ಬಂದು ನೋಡುತ್ತಿದ್ದೆ. ಸೀಟು, ಮ್ಯಾಟು ಎಲ್ಲ ಕಿತ್ತು ಹೊರಗಿಟ್ಟು ತಗಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ್ದರು. ಡಾಂಬರಿನ ಹಾಳೆಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಲಟ್ಟಣಿಗೆಯಂಥ ಒಂದು ಮರದ ತುಂಡಿನಿಂದ ತಿಕ್ಕಿ ತಿಕ್ಕಿ ಅಂಟಿಸುತ್ತಿದ್ದರು. ಒಳಗೆ ಒಂದು ಗುಳ್ಳೆ ಉಳಿದರೂ ಕಿತ್ತು ಮತ್ತೆ ಹಾಕುತ್ತಿದ್ದರು. ಅದರ ಮೇಲೆ ರಬ್ಬರು, ರಬ್ಬರಿನ ಮೇಲೆ ಕಂಬಳಿಯಂಥ ದಪ್ಪ ಫೆಲ್ಟು. ಇಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ತಗಡಿನಲ್ಲಿ ವೈರು ಹೋಗುವ ತೂತುಗಳನ್ನೂ ಒಂದೊಂದಾಗಿ ಮುಚ್ಚಿದರು. "ಸದ್ದು ನೀರಿದ್ದಂಗೆ. ಎಲ್ಲಾ ಮುಚ್ಚಿ ಒಂದು ತೂತು ಬಿಟ್ರೆ ಅದ್ರಲ್ಲೇ ಪೂರ್ತಿ ಬಂದುಬಿಡುತ್ತೆ" ಎನ್ನುತ್ತಿದ್ದರು. ಚಹಾ ಬಂದರೆ ಮಾತ್ರ ಕೆಲಸ ನಿಲ್ಲುತ್ತಿತ್ತು. ಬಸಿಗೆ ಬಗ್ಗಿಸಿಕೊಂಡು, ಊದಿ, ಒಂದೇ ಗುಟುಕಿಗೆ ಕುಡಿದು ಮತ್ತೆ ಜೀಪಿನೊಳಗೆ ತೂರುತ್ತಿದ್ದರು.

ಐದನೆಯ ದಿನ ಜೀಪು ಓಡಿಸಿಕೊಂಡು ಬಂದಾಗ ನನಗೇ ನಂಬಿಕೆ ಬರಲಿಲ್ಲ. ಗೇರು ಬದಲಿಸುವಾಗ ನನ್ನ ಬಳೆ ಸದ್ದು ನನಗೆ ಕೇಳಿಸಿತು. ಮನೆಗೆ ಬಂದವಳೇ ಮಗಳನ್ನು ಹತ್ತಿಸಿಕೊಂಡು ಹೊರಟೆ. ವಿದ್ಯಾನಗರ ದಾಟುವವರೆಗೆ ಸುಮ್ಮನೆ ಕೂತಿದ್ದಳು. ಆಮೇಲೆ, ವೇಗ ಹೆಚ್ಚಿದ ಕೂಡಲೇ ಎರಡೂ ಕೈ ಕಿವಿಗೆ ಹೋಯಿತು. ಅದೇ ಚೀರಾಟ.

ಮರುದಿನ ಶೆಡ್ಡಿಗೆ ಹೋದೆ. ವಿಷಯ ಹೇಳಿದೆ. ಅವರು ಮತ್ತೆ ಬಾಗಿಲು ತಟ್ಟಲು ಶುರು ಮಾಡಿದರು. ನನಗೆ ಒಂದು ವರ್ಷದ ದಣಿವೆಲ್ಲ ಒಟ್ಟಿಗೆ ನೆತ್ತಿಗೇರಿತು. ಅವರಿಗೆ ಬೆನ್ನು ಮಾಡಿ, ಯಾರಿಗೂ ಹೇಳುತ್ತಿಲ್ಲವೆಂಬಂತೆ, "ಕಿವೀನೇ ಇಲ್ದೋರಿಗೆ ಈ ಕೆಲಸ ಯಾಕೆ ಬೇಕು" ಎಂದುಬಿಟ್ಟೆ. ಮೂಲೆಯಲ್ಲಿ ಹೊಲಿಗೆ ಮಿಷನ್ ನಿಂತಿತು. ತಲೆ ಎತ್ತಿದರೆ ಜೀಪಿನ ಪಕ್ಕದ ಕನ್ನಡಿಯಲ್ಲಿ ನನ್ನ ಮುಖ, ಅದರ ಹಿಂದೆ ಅವರ ಮುಖ. ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಜೀಪು ಹತ್ತಿ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಯಾರೋ ಬಾಗಿಲು ಬಡಿದರು. ಮೇಸ್ತ್ರಿಗಳು. ವಿಳಾಸ ಕೇಳಿಕೊಂಡು ಬಸ್ಸಿನಲ್ಲಿ ಬಂದಿದ್ದರು. ತೊಳೆದ ನೀಲಿ ಅಂಗಿ, ಹಣೆಗೆ ವಿಭೂತಿ. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು.

"ನೀವು ಹೇಳಿದ್ದು ಸರೀನೇ ಡಾಕ್ಟ್ರಮ್ಮ. ನನಗೆ ಕಿವಿ ಇಲ್ಲ. ಅದಕ್ಕೇ ಪಾಪು ಬೇಕು. ಅವಳನ್ನ ಗಾಡೀಲಿ ಕೂರಿಸಿ, ನಾನೂ ಜೊತೆಗೆ ಕೂತ್ಕೋತೀನಿ."

ನನ್ನ ಮಗಳ ಹತ್ತಿರ ಬಂದವರೆಲ್ಲ ಮುಖಕ್ಕೆ ಮುಖ ತಂದು "ಹೆಸರೇನು ಪುಟ್ಟಾ" ಎಂದು ಕೇಳುತ್ತಿದ್ದರು. ಅವಳು ಗೋಡೆಯ ಕಡೆ ತಿರುಗುತ್ತಿದ್ದಳು. ಮೇಸ್ತ್ರಿಗಳು ಏನೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅವಳಿಂದ ಒಂದು ಮೊಳ ದೂರ ಕೂತು, ಕೈಯನ್ನು ಜೀಪಿನ ಮೈಮೇಲೆ ಇಟ್ಟುಕೊಂಡು, ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಗಂಡ ಮುಂದೆ ಕೂತರು. ಹೊಳೆಹೊನ್ನೂರು ರಸ್ತೆ ಹಿಡಿದೆವು. ಅವಳ ಕೈ ಮೇಲೆ ಹೋದ ಕೂಡಲೇ ಅವರು ನನ್ನ ಭುಜ ತಟ್ಟಿದರು. "ಈಗ ಎಷ್ಟರಲ್ಲಿ ಹೋಗ್ತಾ ಇದೀರಿ?"

"ಮೂವತ್ತೈದು. ಮೂರನೇ ಗೇರು." ಮುಂದಿನ ಕನ್ನಡಿಯಲ್ಲಿ ಅವರಿಗೆ ತುಟಿ ಕಾಣುವಂತೆ ಮುಖ ಎತ್ತಿ ಹೇಳಿದೆ.

"ನಿಧಾನ ಮಾಡಿ." ಮಾಡಿದೆ. ಅವಳ ಕೈ ಇಳಿಯಿತು. "ಮತ್ತೆ ಏರಿಸಿ." ಕೈ ಮತ್ತೆ ಮೇಲೆ ಹೋಯಿತು. ನಾಲ್ಕು ಸಲ ಹೀಗೇ ಆಯಿತು. ನಾಲ್ಕು ಸಲವೂ ಅದೇ ವೇಗ.

"ಡಾಕ್ಟ್ರಮ್ಮ, ಇಂಜಿನ್ ಬಿಟ್ಟು, ಚಕ್ರ ಬಿಟ್ಟು, ಬೇರೆ ಏನಾದ್ರೂ ಸಣ್ಣಗೆ ಕೂಗ್ತಾ ಇದ್ಯಾ ನೋಡಿ. ಸೊಳ್ಳೆ ಥರ."

ಎರಡು ವರ್ಷ ಆ ಜೀಪು ಓಡಿಸಿದ್ದೆ. ಒಮ್ಮೆಯೂ ಗಮನ ಕೊಟ್ಟು ಕೇಳಿರಲಿಲ್ಲ. ಈಗ ಕೇಳಿದೆ. ಕಾಲಿನ ಕೆಳಗೆಲ್ಲೋ ಒಂದು ಎಳೆ ಸದ್ದು, ಸೂಜಿಯಂತೆ, ಬಿಡದೆ ಕೂಗುತ್ತಿತ್ತು. "ಇದೆ" ಎಂದೆ.

ಮೇಸ್ತ್ರಿಗಳು ಮಗಳ ಕಡೆ ನೋಡಿದರು. "ಅದು ನನ್ನ ಪಾಲಿಗೆ ಸತ್ತುಹೋಗಿರೋ ಸದ್ದು" ಎಂದರು. "ಕಿವಿ ಹತ್ರ ಬಂದು ಕೂಗಿದ್ರೂ ಕೇಳಲ್ಲ. ನನ್ನ ಕೈಗೂ ಸಿಕ್ಕಿಲ್ಲ. ಕಣ್ಣು ಹಿಡ್ಕೊಟ್ಲು." ಅವರು ಮಗಳನ್ನು ಅಂದಿನಿಂದ ಕರೆದದ್ದು ಹಾಗೇ, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ, ಕಣ್ಣು ಎಂದು.

ನಾಲ್ಕು ಚಕ್ರಕ್ಕೆ ಎಳೆತ ಹಂಚುವ ಗೇರಿನ ಡಬ್ಬಿಯಿಂದ ಬರುತ್ತಿದ್ದ ಸದ್ದು ಅದು. ನೆಲದಿಂದ ಗೇರಿನ ಕೋಲುಗಳು ಮೇಲೆ ಬರುವ ಕಡೆ ಹಳೆಯ ರಬ್ಬರು ಸೀಳಿತ್ತು. ಮಿಕ್ಕ ಸದ್ದೆಲ್ಲ ಅಡಗಿದ ಮೇಲೆ ಆ ಸೀಳಿನಿಂದ ಇದೊಂದೇ ಇನ್ನೂ ಚೂಪಾಗಿ ಬರುತ್ತಿತ್ತು. ಜೀಪನ್ನು ಶೆಡ್ಡಿಗೆ ತಂದು ಅವರು ಡಬ್ಬಿಯ ಎಣ್ಣೆ ಬದಲಿಸಿದರು, ಅದುರು ತಡೆಯುವ ಸವೆದ ರಬ್ಬರ್ ಬುಷ್ಷುಗಳನ್ನು ತೆಗೆದು ಹೊಸದು ಹಾಕಿದರು. ಅವರ ಹೆಂಡತಿ ಎರಡು ಪದರದ ಚರ್ಮದ ನಡುವೆ ಫೆಲ್ಟು ತುಂಬಿ, ಗೇರಿನ ಕೋಲುಗಳಿಗೆ ಕಾಲುಚೀಲದಂಥ ಒಂದು ಹೊದಿಕೆ ಹೊಲಿದು ಕೊಟ್ಟರು. ಹಿಂದಿನ ದಿನ ನಾನು ಆಡಿದ್ದು ಆಕೆಗೂ ಕೇಳಿಸಿತ್ತು. ಆದರೂ ಹೊಲಿಗೆಯಲ್ಲಿ ಒಂದು ಎಳೆ ಸಡಿಲವಿರಲಿಲ್ಲ.

ಸಂಜೆ ನಾಲ್ವರೂ ಮತ್ತೆ ಅದೇ ರಸ್ತೆಗೆ. ಇಪ್ಪತ್ತೈದು, ಮೂವತ್ತು, ಮೂವತ್ತೈದು. ಮಗಳ ಕೈ ತೊಡೆಯ ಮೇಲಿತ್ತು. ನಲವತ್ತು. ಅವಳು ಕಿಟಕಿಯಿಂದ ಗದ್ದೆಯ ಬೆಳ್ಳಕ್ಕಿಗಳನ್ನು ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ನನಗೆ ಕಣ್ಣು ತುಂಬಿ ರಸ್ತೆ ಕಾಣದೆ ಪಕ್ಕಕ್ಕೆ ನಿಲ್ಲಿಸಿದೆ. ಮೇಸ್ತ್ರಿಗಳು ಇಳಿದು ಹೋಗಿ, ನಮಗೆ ಬೆನ್ನು ಮಾಡಿ, ಚಾನಲ್ ನೀರಲ್ಲಿ ಬಹಳ ಹೊತ್ತು ಕೈ ತೊಳೆದುಕೊಂಡರು.

ಟೇಪು ಬಂದದ್ದು ಅದಾದ ಮೇಲೆ. ಮಗಳಿಗೆ ಹಾಡು ಸೇರುತ್ತಿರಲಿಲ್ಲ. ಅವಳು ಕಿವಿಗೊಟ್ಟು ಕೇಳುತ್ತಿದ್ದುದು ಅಪ್ಪ ಸಂಜೆ ಮಗ್ಗಿ ಹೇಳುವುದನ್ನು ಮಾತ್ರ. ನನ್ನ ಗಂಡ ಒಂದು ಕ್ಯಾಸೆಟ್ಟಿನ ಎರಡೂ ಬದಿಗೆ ಎರಡರಿಂದ ಇಪ್ಪತ್ತರವರೆಗೆ ಮಗ್ಗಿ ಹೇಳಿ ತುಂಬಿಸಿದರು. ಆ ವಿಷಯ ಗೊತ್ತಾದಾಗ ಮೇಸ್ತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಾ ಥರದ ಹಾಡಿಗೂ ಸ್ಪೀಕರ್ ಹಾಕಿದೀನಿ. ಮಗ್ಗಿಗೆ ಇದೇ ಮೊದ್ಲು."

ನಕ್ಕರೂ ಕೆಲಸ ಮಾತ್ರ ಸಂಗೀತ ಕಚೇರಿಗೆ ಹಾಕಿದಷ್ಟೇ ಶ್ರದ್ಧೆಯಿಂದ ಮಾಡಿದರು. ಮನುಷ್ಯನ ದನಿಗೆ ಬೂಮ್ ಎನ್ನುವ ಸ್ಪೀಕರ್ ಬೇಡ ಎಂದು, ಒಳ್ಳೆಯದೊಂದು ಜೊತೆ ತರಿಸಿ, ಬಾಗಿಲಿಗೆ ಹಾಕದೆ ಡ್ಯಾಶ್‌ಬೋರ್ಡಿನ ಕೆಳಗೆ ಹಿಂದಿನ ಸೀಟಿನ ಕಡೆ ಮುಖ ಮಾಡಿ ಕೂರಿಸಿದರು. ಇಂಜಿನ್ನಿನ ಗುಂಯ್ ಸದ್ದು ವೈರಿನ ಮೂಲಕ ಹಾಡಿನೊಳಗೆ ನುಗ್ಗುತ್ತದೆಂದು ಬ್ಯಾಟರಿಯಿಂದಲೇ ಬೇರೆ ವೈರು ಎಳೆದರು. ಎಲ್ಲ ಮುಗಿದ ಮೇಲೆ ಸ್ಪೀಕರಿನ ಮೇಲೆ ಅಂಗೈ ಇಟ್ಟು ಕ್ಯಾಸೆಟ್ ಪೂರ್ತಿ ಓಡಿಸಿದರು. "ನಿಮ್ಮ ಯಜಮಾನ್ರು ಹನ್ನೆರಡರ ಮಗ್ಗೀಲಿ ಕೆಮ್ಮಿದಾರೆ" ಎಂದರು. ಕೆಮ್ಮಿದ್ದು ನಿಜ.

ಮುಂದಿನ ತಿಂಗಳು ತೀರ್ಥಹಳ್ಳಿ ದಾಟಿದೆವು. ಆಗುಂಬೆಯ ತಿರುವುಗಳನ್ನೂ ಇಳಿದೆವು. ಎಂಟು ವರ್ಷ, ತಿಂಗಳಿಗೊಮ್ಮೆ ಆ ವೈದ್ಯೆಯ ಬಳಿಗೆ ಹೋಗಿಬಂದೆವು. ಪವಾಡವೇನೂ ನಡೆಯಲಿಲ್ಲ. ಮಾತು ಒಂದೊಂದಾಗಿ ಬಂತು, ಕೆಲವು ಬಂದು ಹೋದವು. ಆದರೆ ಎರಡನೆಯ ವರ್ಷ, ಘಟ್ಟ ಹತ್ತುವಾಗ, ಹಿಂದಿನ ಸೀಟಿನಿಂದ ಅಪ್ಪನ ದನಿಯ ಜೊತೆ ಇನ್ನೊಂದು ದನಿ "ಹದಿಮೂರೆಂಟ್ಲ ನೂರನಾಲ್ಕು" ಎಂದಿತು. ಮನೆಗೂ ಹೋಗದೆ ನೇರ ಜನ್ನಾಪುರಕ್ಕೆ ಹೋದೆವು. ಮೇಸ್ತ್ರಿಗಳು ಜೀಪಿನ ಬಾಗಿಲ ಬಳಿ ಮಂಡಿಯೂರಿ ಕೂತು ಅವಳ ತುಟಿಯನ್ನೇ ನೋಡಿದರು. ಹದಿಮೂರರ ಮಗ್ಗಿ ಪೂರ್ತಿ ನೋಡಿ, ಹೆಂಡತಿಯ ಕಡೆ ತಿರುಗಿ, "ಒಂದೂ ತಪ್ಪಿಲ್ಲ" ಎಂದರು.

ನಾನು ಅಂದು ಕನ್ನಡಿಯ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳಿದ್ದು ಬಹಳ ತಡವಾಗಿ. ಅವರಿಗೆ ಎದೆನೋವು ಬಂದು ಮನೆಯಲ್ಲೇ ಮಲಗಿದ್ದರು. ಹಾಸಿಗೆಯ ಪಕ್ಕ ಕೂತು, ಅವರಿಗೆ ಕಾಣುವಂತೆ ಮುಖ ಮಾಡಿ, ಬಿಡಿಸಿ ಬಿಡಿಸಿ ಹೇಳಿದೆ. ಕೊನೆಯವರೆಗೂ ನೋಡಿದರು. ಆಮೇಲೆ ಕೈಯನ್ನು ಎಡಗಿವಿಯ ಹಿಂದೆ ಹಿಡಿದು, "ಏನಂದ್ರೋ ಕೇಳಿಸ್ಲಿಲ್ಲ ಡಾಕ್ಟ್ರಮ್ಮ" ಎಂದು ನಕ್ಕರು. ಎರಡನೆಯ ಸಲ ಹೇಳಲು ಬಿಡಲಿಲ್ಲ. ಕಾಫಿ ಕುಡಿದು ಹೋಗಿ ಎಂದರು.

ಆ ಮಳೆಗಾಲದಲ್ಲೇ ಅವರು ಹೋದ ಸುದ್ದಿ ಬಂತು. ಮಗಳಿಗೆ ಆಗ ಹದಿನಾಲ್ಕು. ಅವರ ಕಡೆ ಹೆಣದ ಮುಂದೆ ತಮಟೆ ಬಡಿಯುತ್ತಾರೆ, ನೀನು ಮನೆಯಲ್ಲಿರು ಎಂದೆ. ಅವಳು ಹೋಗಿ ಜೀಪಿನಲ್ಲಿ ಕೂತಳು.

ಬೀದಿಯ ತುದಿಗೆ ಬರುವಾಗಲೇ ತಮಟೆ ಕೇಳಿಸಿತು. ಅವಳ ಕೈ ಕಿವಿಗೆ ಹೋಯಿತು. ನಾನು ಅಲ್ಲೇ ನಿಲ್ಲಿಸಿದೆ. ಇಳಿಯುವುದೂ ಬೇಡ, ತಿರುಗುವುದೂ ಬೇಡ ಎನ್ನುವಂತೆ ಅವಳು ಕೂತಿದ್ದಳು. ದೂರದಲ್ಲಿ ಶಾಮಿಯಾನದ ಕೆಳಗೆ ಮೇಸ್ತ್ರಿಗಳ ತಲೆಯ ಹತ್ತಿರ ಕೂತಿದ್ದ ಅವರ ಹೆಂಡತಿ ನಮ್ಮ ಜೀಪನ್ನು ನೋಡಿದರು. ಎದ್ದು ಬಂದು ತಮಟೆಯವರ ಮುಂದೆ ನಿಂತು ಕೈ ಎತ್ತಿದರು. ತಮಟೆ ನಿಂತಿತು. ಯಾರೋ ಹಿರಿಯರು, ಶಾಸ್ತ್ರದ ನಡುವೆ ನಿಲ್ಲಿಸಬಾರದು ಎಂದು ತಮಿಳಿನಲ್ಲಿ ಆಕ್ಷೇಪಿಸಿದರು. ಆಕೆ ನಮಗೂ ಅರ್ಥವಾಗಲೆಂದೋ ಏನೋ ಕನ್ನಡದಲ್ಲೇ ಹೇಳಿದರು.

"ಅವರಿಗೆ ಯಾವತ್ತೂ ಇದು ಕೇಳಿಸ್ತಾ ಇರ್ಲಿಲ್ಲ. ಈ ಮಗೂಗೆ ಕೇಳಿಸುತ್ತೆ. ಸ್ವಲ್ಪ ಹೊತ್ತು ಇರಿ."

ಮಗಳು ಇಳಿದಳು. ಅಷ್ಟು ಜನರ ನಡುವೆ, ಎರಡೂ ಕೈ ಇಳಿಬಿಟ್ಟು, ಆ ಬೀದಿಯ ಉದ್ದಕ್ಕೂ ನಡೆದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಮೇಸ್ತ್ರಿಗಳ ಪಕ್ಕ ಆಕೆಯ ಜೊತೆ ಕೂತಳು, ಬೇಕೆನಿಸಿದಷ್ಟು ಹೊತ್ತು ಕೂತಳು, ಎದ್ದು ಬಂದು ಜೀಪು ಹತ್ತಿದಳು. ನಾನು ಹಿಮ್ಮುಖವಾಗಿ ಜೀಪು ತೆಗೆದೆ. ನಾವು ತಿರುವು ದಾಟಿ ದೊಡ್ಡ ರಸ್ತೆಗೆ ಬರುವವರೆಗೂ ಆ ಬೀದಿಯಲ್ಲಿ ಯಾರೂ ತಮಟೆ ಮುಟ್ಟಲಿಲ್ಲ.