ಬಾರದ ಗಾಜಿನ ಲಾರಿ

ಗಾಜಿನ ಕಟ್ಟಡವೆಂದರೆ ಉಪೇಂದ್ರನಿಗೆ ಮೈಯೆಲ್ಲ ಉರಿ. ಅವನ ಹೊಟ್ಟೆ ಹೊರೆದದ್ದೂ ಅದೇ ಗಾಜು, ಏನು ಮಾಡುತ್ತೀರಿ! ರಾಯಚೂರಿನಿಂದ ಹೈದರಾಬಾದಿಗೆ ಬಂದು ವಾಸ್ತುಶಿಲ್ಪ ಓದಿ ಕಚೇರಿ ತೆರೆದ ಹೊತ್ತಿಗೆ, ಮಾದಾಪುರದಲ್ಲಿ ಬಂಡೆ ಸಿಡಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಜಾಗ ಮಾಡುತ್ತಿದ್ದರು. ಬಂದವರೆಲ್ಲ ಕೇಳಿದ್ದು ಗಾಜನ್ನೇ. "ಈ ಬಿಸಿಲಿನ ಊರಿಗೆ ದಪ್ಪ ಗೋಡಿ, ಸಣ್ಣ ಕಿಟಕಿ, ನೆರಳು ಬೇಕ್ರಿ" ಎಂದು ಅವನು ಕಂಡ ಕಂಡ ಸಭೆಯಲ್ಲಿ ಒದರುವನು. ಮನೆಗೆ ಬಂದು ಗಾಜಿನ ಪೆಟ್ಟಿಗೆಗೇ ನಕ್ಷೆ ಹಾಕುವನು. ತಾನು ಒದರುವವನೋ, ನಕ್ಷೆ ಹಾಕುವವನೋ, ಅವನಿಗೇ ಗೊಂದಲ.

"ನೀವು ಖರೇನ ನಂಬೂದು ಯಾವುದ್ರಿ? ಅಂಥಾದ್ದು ಒಂದರ ಕಟ್ಟಿ ತೋರಸ್ರಿ" ಎಂದಳು ಹೆಂಡತಿ ವಾಸಂತಿ. ಆ ಮಾತು ಅವನಿಗೆ ಚುರುಕ್ಕೆಂದಿತು.

ಅಷ್ಟರಲ್ಲಿ ಚನ್ನಬಸಪ್ಪ ಬಂದರು. ಗದಗಿನ ಕಡೆಯವರು, ಇಲ್ಲಿನ ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗಚ್ಚಿಬೌಲಿಯಲ್ಲಿ ಸೈಟಿತ್ತು. "ನಿಮ್ಮ ಮನೀ ಅಂತ ತಿಳ್ಕೊಂಡು ಕಟ್ರಿ ಸಾಹೇಬ್ರ, ನಾ ನಡುವ ಬಾಯಿ ಹಾಕಂಗಿಲ್ಲ" ಎಂದರು.

ನಮ್ಮ ಕಡೆ ಇದು ಯಾರಿಗೆ ಕೆಲಸ ಕೊಟ್ಟರೂ ಹೇಳುವ ಮರ್ಯಾದೆಯ ಮಾತು. ಅಂಗಿ ಹೊಲಿಯುವವನಿಗೂ ಹೇಳುತ್ತೇವೆ. ಅಷ್ಟು ಓದಿದ ಉಪೇಂದ್ರ ಅದನ್ನು ನಂಬಿಯೇಬಿಟ್ಟ!

ಹುಚ್ಚು ಹಿಡಿದವನಂತೆ ಕಟ್ಟಿದ. ಮೊಳದಗಲದ ಕಲ್ಲಿನ ಗೋಡೆ, ಗೇಣಗಲದ ಕಿಟಕಿ, ಕಾಲಿಟ್ಟರೆ ತಣ್ಣಗಾಗುವ ತಾಂಡೂರು ಕಲ್ಲಿನ ನೆಲ. ನಕ್ಷೆ ಬಿಡಿಸಿ ತೋರಿಸಿದರೆ ಚನ್ನಬಸಪ್ಪ, "ನನಗೇನ್ ತಿಳೀತೈತ್ರಿ" ಎಂದು ಕೈ ಮುಗಿಯುತ್ತಿದ್ದರು. ಆಗಾಗ ಬಂದು, "ಭಾಳ ಚಲೋ ಆಗಾಕತ್ತೈತಿ" ಎಂದು ಹೋಗುತ್ತಿದ್ದರು. ಕಡೆಗೂ ತನ್ನನ್ನು ತಿಳಿದವರೊಬ್ಬರು ಸಿಕ್ಕರೆಂದು ಉಪೇಂದ್ರ ಹಿಗ್ಗಿದ.

ಗೃಹಪ್ರವೇಶ ಹತ್ತಿರ ಬಂದಾಗ ಮನೆ ತೋರಿಸಲು ವಾಸಂತಿಯನ್ನು ಕರೆದುಕೊಂಡು ಹೋದ. ಚನ್ನಬಸಪ್ಪ ಗೇಟಿನಲ್ಲಿ ನಿಂತು ರಸ್ತೆ ನೋಡುತ್ತಿದ್ದರು.

"ಯಾರ ಹಾದಿ ನೋಡಾಕತ್ತೀರಿ?"

"ಗಾಜಿನ ಲಾರೀದ್ರಿ. ಇನ್ನೂ ಬರವಲ್ದು."

"ಯಾವ ಗಾಜ್ರಿ?" ಉಪೇಂದ್ರನಿಗೆ ತಲೆಬುಡ ತಿಳಿಯಲಿಲ್ಲ.

"ಅಲ್ರಿ, ಮಾದಾಪುರದಾಗ ನೀವು ಕಟ್ಟಿದ್ದು ನೋಡೇ ನಿಮ್ಮ ಕಡೆ ಬಂದೆ. ಅದೂ ಮೊದ್ಲ ಹಿಂಗ ಬೋಳಾಗಿತ್ತು. ಕಡೀಕ ಲಾರಿ ಬಂದು ಗಾಜು ಕೂಡ್ಸಿದ್ರು ನೋಡ್ರಿ, ಮುಗಿಲೆಲ್ಲಾ ಅದರಾಗ ಬಂತು! ನಾ ಇಡೀ ನೌಕರಿ ಕಿಟಕಿ ಇಲ್ಲದ ಶೆಡ್ಡಿನಾಗ ಮಾಡೇನ್ರಿ, ಟ್ಯೂಬ್‌ಲೈಟಿನ ಕೆಳಗ. ಹೊರಗ ಮಳಿ ಬಂದ್ರೂ ತಿಳೀತಿರಲಿಲ್ಲ. ಇನ್ನ ಮ್ಯಾಲರ ಕುಂತಲ್ಲಿಂದ ಮುಗಿಲು ಕಾಣ್ಲಿ ಅಂತ…"

ಉಪೇಂದ್ರನ ಮುಖ ನೋಡಿ ಅವರ ಮಾತು ಅಲ್ಲೇ ನಿಂತಿತು. ಲಾರಿ ಬರುವುದಿಲ್ಲವೆಂದು ಅವರಿಗೂ ತಿಳಿಯಿತು. "ಇರ್ಲಿ ಬಿಡ್ರಿ, ಇದೂ ಭಾಳ ಚಲೋ ಐತಿ, ತಂಪೈತಿ" ಎಂದು ಅವಸರವಸರವಾಗಿ ಹೇಳಿದರು.

ಇದು ಖರೆಯೋ, ಮತ್ತೆ ಮರ್ಯಾದೆಯೋ? ಮನೆ ನಿಜಕ್ಕೂ ತಂಪಾಗಿತ್ತು. ಮುಗಿಲೂ ನಿಜಕ್ಕೂ ಕಾಣುತ್ತಿರಲಿಲ್ಲ. ತಾನು ಹೇಸಿದ ಗಾಜಿನಲ್ಲಿ ಈ ಮನುಷ್ಯ ಆಕಾಶ ಕಂಡಿದ್ದ. ತನ್ನ ನಂಬಿಕೆಯ ಮನೆಯಲ್ಲಿ ಆ ಮನುಷ್ಯನಿಗೆ ಮತ್ತೆ ಅದೇ ಶೆಡ್ಡು. ಹಾಗಾದರೆ ಸರಿ ಯಾವುದು? ಉಪೇಂದ್ರನಿಗೆ ಅಳು ಬಂದಂತಾಯಿತು.

ವಾಸಂತಿಯೇ ಇಬ್ಬರನ್ನೂ ಒಳಗೆ ಕರೆದು ಒಂದು ಕುರ್ಚಿ ತಂದಳು. "ಕಾಕಾ, ಈ ಮನ್ಯಾಗ ನೀವು ದಿನಾ ಎಲ್ಲಿ ಕುಂದ್ರವ್ರು?"

ಇಷ್ಟು ದಿನ ಈ ಒಂದು ಪ್ರಶ್ನೆಯನ್ನು ಉಪೇಂದ್ರ ಕೇಳಿಯೇ ಇರಲಿಲ್ಲ! ಚನ್ನಬಸಪ್ಪ ಸಂಕೋಚದಿಂದಲೇ ಕುರ್ಚಿಯನ್ನು ಪಡಸಾಲೆಯ ಮೂಡಣ ಗೋಡೆಯೆದುರು ಇಟ್ಟು ಕೂತರು. ಇಡೀ ಮನೆಯಲ್ಲಿ ಉಪೇಂದ್ರ ಬಲು ಪ್ರೀತಿಯಿಂದ ಕಟ್ಟಿಸಿದ ಗೋಡೆ ಅದು.

ಅವನು ಸೀಮೆಸುಣ್ಣ ತೆಗೆದುಕೊಂಡು ಆ ಕಲ್ಲಿನ ಮೇಲೆ ಒಂದು ಕಿಟಕಿ ಬರೆದ. ಮಾಡುತ್ತಿರುವುದು ಸರಿಯೋ ತಪ್ಪೋ ಗೊತ್ತಾಗದೆ ತಿರುಗಿ ನೋಡಿದ.

ಚನ್ನಬಸಪ್ಪ ಕೂತಲ್ಲೇ ಒಮ್ಮೆ ಕೆಮ್ಮಿದರು. "ಇನ್ನೊಂದಿಷ್ಟು ದೊಡ್ಡದು ಮಾಡ್ರಿ" ಎಂದರು.